ರೋವರ್‌ಗೆ ಮಣ್ಣಡಿಯ ನೀರು ಹೇಗೆ ಗೊತ್ತಾಗ್ತದೆ?

ಬದಿಯಡ್ಕದವ:
ನಮ್ಮ ತೋಟದಲ್ಲಿ ಬೋರು ತೆಗಿಸುವಾಗ ಒಬ್ರು ಅಂಗೈಲಿ ತೆಂಗಿನಕಾಯಿ ಇಟ್ಕೊಂಡು ಇಡೀ ನಡೆದು ಪಾಯಿಂಟ್ ತೋರಿಸಿದ್ರು, 400 ಅಡಿ ಹೋದ್ರೂ ಬರೀ ಧೂಳು. ಅದಿರ್ಲಿ. ಚಂದ್ರನಲ್ಲಿ ನೀರು, ಲೋಹ ಹುಡುಕ್ಲಿಕ್ಕೆ ರೋವರ್ ಕಳಿಸ್ತಾರಲ್ಲ, ಅದಕ್ಕೆ ಅಡಿಯಲ್ಲಿ ಎಂತ ಉಂಟು ಅಂತ ಹೇಗೆ ಗೊತ್ತಾಗೋದು? ಚಂದ್ರಯಾನ-3ರ ರೋವರ್ ಪ್ರಜ್ಞಾನ್ ಗಂಧಕ ಕಂಡದ್ದು ಹೇಗೆ? ಪ್ಲಸ್ ಟು ಮಗಳು ಕೇಳ್ತಾ ಇದ್ದಾಳೆ.

ಮುರಕಲ್ಲು:
ಪ್ರಜ್ಞಾನ್ ನೋಡಿದ್ದು ಮೇಲ್ಮಣ್ಣು ಮಾತ್ರ ಮಾರಾಯ್ರೆ. ಅದ್ರಲ್ಲಿ ಲಿಬ್ಸ್ ಅಂತ ಒಂದು ಸಾಧನ ಉಂಟು, ಲೇಸರ್ ಬಿಟ್ರೆ ಅಷ್ಟು ಜಾಗದ ಮಣ್ಣು ಕಾದು ಪ್ಲಾಸ್ಮಾ, ಅಂದ್ರೆ ಹೊಳೆಯುವ ಬಿಸಿ ಅನಿಲ ಆಗ್ತದೆ, ಅದ್ರಿಂದ ಒಂದೊಂದು ಮೂಲವಸ್ತುವೂ ತನ್ನದೇ ಅಲೆಯುದ್ದದ ಬೆಳಕು ಬಿಡ್ತದೆ, ಆ ಗೆರೆ ಓದಿ ಗಂಧಕ, ಅಲ್ಯೂಮಿನಿಯಂ, ಟೈಟಾನಿಯಂ ಅಂತ ಹೇಳೋದು. ಎಪಿಎಕ್ಸ್‌ಎಸ್ ಅಂತ ಇನ್ನೊಂದು, ಆಲ್ಫಾ ಕಣ ಬಡಿಸಿ ಮಣ್ಣಿಂದ ಬರುವ ಎಕ್ಸ್‌ರೇ ಅಳೆಯೋದು. ಅದೂ ಗಂಧಕ ಉಂಟು ಅಂತ್ಲೇ ಹೇಳಿತು, ಹಾಗಾಗಿ 2023ರ ಆ ಸುದ್ದಿಗೆ ತೂಕ ಬಂತು.

ಕುಂಬ್ಳೆ ಟೀಚರ್:
ನೀರಿಗೆ ನ್ಯೂಟ್ರಾನ್ ಸ್ಪೆಕ್ಟ್ರೋಮೀಟರ್ ಬೇಕು, ಅದು ಹುಡುಕೋದು ನೀರಲ್ಲಿರುವ ಹೈಡ್ರೋಜನನ್ನು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ನೆಲಕ್ಕೆ ಬಡಿದಾಗ ಒಳಗಿಂದ ನ್ಯೂಟ್ರಾನ್ ಎದ್ದು ಬರ್ತದೆ. ಹೈಡ್ರೋಜನ್ ನ್ಯೂಕ್ಲಿಯಸ್ಸೂ ನ್ಯೂಟ್ರಾನೂ ಹೆಚ್ಚುಕಮ್ಮಿ ಒಂದೇ ತೂಕ, ಹಾಗೆ ಡಿಕ್ಕಿಯಾದ್ರೆ ನ್ಯೂಟ್ರಾನಿನ ವೇಗ ಜೋರು ಇಳಿಯೋದು ಹೈಡ್ರೋಜನ್ ಇದ್ದಲ್ಲಿ. ಹೊರಗೆ ಬಂದದ್ರಲ್ಲಿ ವೇಗದ್ದೆಷ್ಟು ನಿಧಾನದ್ದೆಷ್ಟು ಅಂತ ಎಣಿಸಿದ್ರೆ ಸುಮಾರು 1 ಮೀಟರ್ ಆಳದವರೆಗೆ ಅಂದಾಜು ಸಿಗ್ತದೆ. ಮಂಗಳದಲ್ಲಿ ಕ್ಯೂರಿಯಾಸಿಟಿ ರೋವರ್ ಕಾಸ್ಮಿಕ್ ಕಿರಣಕ್ಕೆ ಕಾಯೋದೂ ಇಲ್ಲ, ತಾನೇ ನ್ಯೂಟ್ರಾನ್ ಬಿಡ್ತದೆ.
ಆದ್ರೆ ಹೈಡ್ರೋಜನ್ ಸಿಕ್ಕಿತು ಅಂತ ಐಸ್ ಸಿಕ್ಕಿತು ಅನ್ಲಿಕ್ಕಾಗೋದಿಲ್ಲ. ಖನಿಜಕ್ಕೆ ಅಂಟಿದ್ದಿರಬಹುದು, ಸೌರಮಾರುತ, ಅಂದ್ರೆ ಸೂರ್ಯನಿಂದ ಬರುವ ಕಣಗಳ ಹರಿವು, ತಂದು ಹಾಕಿದ್ದೂ ಇರಬಹುದು. ಪೇಪರಿನವ್ರು ಇಷ್ಟಕ್ಕೇ ‘ಚಂದ್ರನಲ್ಲಿ ನೀರು’ ಅಂತ ಹಾಕೋದು ನಂಗೆ ಸರಿ ಕಾಣೋದಿಲ್ಲ.

ಬದಿಯಡ್ಕದವ:
ಅಂದ್ರೆ ಕೊನೆಗೆ ಕೊರೀಲೇಬೇಕು?

ಕುಂಬ್ಳೆ ಟೀಚರ್:
ಹೌದು, ಅಲ್ಲದಿದ್ರೆ ತೀರ್ಮಾನ ಆಗೋದಿಲ್ಲ. ನಾಸಾದ ವೈಪರ್ ರೋವರಲ್ಲಿ 1 ಮೀಟರ್ ಡ್ರಿಲ್ ಉಂಟು, ನ್ಯೂಟ್ರಾನ್ ಹೇಳಿದಲ್ಲಿ ಕೊರೆದು ಮೇಲೆ ಬಂದ ಮಣ್ಣನ್ನು ಇನ್‌ಫ್ರಾರೆಡ್‌ನಲ್ಲಿ ನೋಡೋದು, ಮಾಸ್ ಸ್ಪೆಕ್ಟ್ರೋಮೀಟರಲ್ಲಿ ಆವಿ ಅಳೆಯೋದು.

ಪೆರ್ಲ ಹುಡುಗ:
ವೈಪರ್ ಕ್ಯಾನ್ಸಲ್ ಆಯ್ತಲ್ವಾ ಟೀಚರ್?

ಮುರಕಲ್ಲು:
2024 ಜುಲೈಲಿ ಕೈಬಿಟ್ಟದ್ದು ಹೌದು, ಮತ್ತೆ 2025ರಲ್ಲಿ ಬ್ಲೂ ಒರಿಜಿನ್ ಲ್ಯಾಂಡರಲ್ಲಿ ಕಳಿಸುದು ಅಂತ ಆಯ್ತು. ನಮ್ಮ ಇಸ್ರೋ ಜಪಾನಿನ ಜತೆ ಮಾಡ್ತಾ ಇರುವ ಚಂದ್ರನ ರೋವರ್ ಯೋಜನೆ ಲುಪೆಕ್ಸಲ್ಲೂ ಡ್ರಿಲ್ ಉಂಟು, ಮಗಳಿಗೆ ಅದನ್ನೂ ಓದ್ಲಿಕ್ಕೆ ಹೇಳಿ.