ರೂನ್ ಮಾಂತ್ರಿಕರೆಲ್ಲ ಒಂದೇ ಥರ ಆಗ್ತಿದ್ದಾರೆ, ಬಿಲ್ಲೆಗಳೂ ಸೀಳ್ತಿವೆ. ಪರಿಹಾರ?

ಪ್ರಶ್ನೆ (ಮಡಿಕೇರಿ): ನಾವು ದಾಳ ಹಾಕಿ ಪಾತ್ರ ವಹಿಸಿ ಆಡುವ ಕಥಾ ಆಟದ ಕ್ಯಾಂಪೇನಿನಲ್ಲಿ (ಹಲವು ಸಲ ಕೂತು ಮುಂದುವರಿಸುವ ಕಥೆ) ರೂನ್, ಅಂದರೆ ಹಳೆಯ ಜರ್ಮಾನಿಕ್ ಲಿಪಿಯ ಅಕ್ಷರ, ಬಳಸುವ ಮಾಂತ್ರಿಕರ ಮೂರು ಪರಂಪರೆಗಳಿವೆ: ಕಲ್ಲಲ್ಲಿ ಕೆತ್ತುವ ಡ್ವಾರ್ಫ್‌ಗಳು (ಕುಳ್ಳ ಜನ), ಶಾಯಿಯಲ್ಲಿ ಬರೆಯುವ ವಿಝರ್ಡ್‌ಗಳು, ಚೀಲದಿಂದ ರೂನ್ ಎತ್ತಿ ಶಕುನ ನೋಡುವ ಕಾಡಿನವರು. ಆಟಕ್ಕೆ ಕೂತರೆ ಮೂವರಿಗೂ ದಾಳದ ಮೇಲೆ ಅದೇ ಪ್ಲಸ್ 2 ಬೋನಸ್. ಡ್ವಾರ್ಫ್ ಮೊದಲೇ ರಾಶಿ ಕೆತ್ತಿಟ್ಟುಕೊಂಡು ಎಲ್ಲ ಕಾಳಗ ಗೆಲ್ತಾನೆ. ಜೊತೆಗೆ, ಕಾಫಿ ರೆಂಬೆಯನ್ನು ಅಡ್ಡ ಕೊಯ್ದು ಮಾಡಿದ ರೂನ್ ಬಿಲ್ಲೆಗಳು ಒಣಗುತ್ತಲೇ ಸೀಳು ಬಿಡ್ತಿವೆ.

ಉತ್ತರ (ಗೋಣಿಕೊಪ್ಪ): ಬೋನಸ್ ಮುಟ್ಟಬೇಡಿ. ರೂನ್ ಹೇಗೆ ಕೆಡುತ್ತೆ ಅನ್ನೋದನ್ನ ಬೇರೆ ಬೇರೆ ಮಾಡಿ.

ಕೆತ್ತನೆಗೆ ಒಂದು ಗಂಟೆ, ಒಮ್ಮೆಗೆ ಮೂರೇ ಜೀವಂತ. ನಾಲ್ಕನೆಯದು ಕೆತ್ತಿದರೆ ಹಳೆಯದು ಸಾಯಬೇಕು. ಕೆತ್ತಿದ ಜಾಗದಿಂದ ಡ್ವಾರ್ಫ್ 10 ಅಡಿ ಸರಿದರೂ ಹೋಯ್ತು. ಶತ್ರು ಒಂದು ಆಕ್ಷನ್ (ತನ್ನ ಸರದಿಯ ಒಂದು ಕೆಲಸ) ಖರ್ಚು ಮಾಡಿ ಒಂದು ಗೀಟು ಕೆರೆದರೂ ಸಾಕು. ಶಾಯಿಗೆ ಒಂದೇ ಆಕ್ಷನ್, ಒಂದೇ ಬಳಕೆ, ನೀರು ತಾಗಿದರೆ ಮುಗೀತು. ಮಳೆಯ ದೃಶ್ಯ ಇಡಿ, ವಿಝರ್ಡ್ ತಾನಾಗೇ ಸೂರು ಹುಡುಕ್ತಾನೆ.

ಕಾಡಿನವರದ್ದೇ ನಿಜವಾದ ಸ್ವಾರಸ್ಯ. ಹಳೆಯ ಫುಥಾರ್ಕ್ ಎಂಬ ರೂನ್ ವರ್ಣಮಾಲೆಯ ಸಾಲಿನಲ್ಲಿ 24 ರೂನ್, ಎಂಟೆಂಟರ ಮೂರು ಗುಂಪು. ಆಟಗಾರ ಒಂದು ಗುಂಪು ಆರಿಸಿಕೊಂಡು ಮೂರು ಬಿಲ್ಲೆ ಎತ್ತಲಿ. ಒಂದಾದರೂ ತನ್ನ ಗುಂಪಿನದು ಬರುವ ಸಾಧ್ಯತೆ ಸುಮಾರು 72%, ಮೂರೂ ಬರೋದು 3%ಗಿಂತ ಕಡಿಮೆ. ಎತ್ತಿದ್ದನ್ನು ಲಾಂಗ್ ರೆಸ್ಟ್ (ಪಾತ್ರಗಳ ದೀರ್ಘ ವಿಶ್ರಾಂತಿ) ತನಕ ಚೀಲಕ್ಕೆ ಹಾಕಬೇಡಿ. ಆಗ ಎಣಿಸುವ ಆಟಗಾರನಿಗೆ ಅನುಕೂಲ. ಚೀಲ ಇಲ್ಲದಿದ್ದರೆ ಡಿ6 (ಆರು ಮುಖದ ದಾಳ) ಹಾಕಿ ಬಂದದ್ದರ ಅರ್ಧ (ಮೇಲಕ್ಕೆ ಪೂರ್ಣಗೊಳಿಸಿ) ಗುಂಪು, ಡಿ8 ಗುಂಪಿನೊಳಗಿನ ಸ್ಥಾನ. ನಂತರದ ಕಾಲದ 16 ರೂನಿನ ಸಾಲಿನ ಗುಂಪುಗಳು 6, 5, 5. ಅಲ್ಲಿ ಈ ಲೆಕ್ಕ ನಡೆಯಲ್ಲ.

ಗುಪ್ತಲಿಪಿ ಬೇಕಿದ್ದರೆ ಕೊಂಬೆ ರೂನ್ ಬಳಸಿ: ನೆಟ್ಟ ಗೀಟಿನ ಎಡಕ್ಕೆ ಗುಂಪಿನ ಸಂಖ್ಯೆಯಷ್ಟು ಕೊಂಬೆ, ಬಲಕ್ಕೆ ಸ್ಥಾನದಷ್ಟು. ಸ್ಕ್ಯಾಂಡಿನೇವಿಯಾದಲ್ಲಿ ನಿಜಕ್ಕೂ ಹೀಗೆ ಬರೀತಿದ್ದರು, ಎಷ್ಟೋ ಸಲ ಗುಂಪುಗಳನ್ನು ಕೊನೆಯಿಂದ ಎಣಿಸಿ. ಆ ತಿರುವನ್ನು ಎರಡನೇ ಸುಳಿವಿಗೆ ಉಳಿಸಿಕೊಳ್ಳಿ.

ಉತ್ತರ (ವಿರಾಜಪೇಟೆ): ಬಿಲ್ಲೆ ಬಗ್ಗೆ. ಒಣಗುವಾಗ ಮರ ಸುತ್ತಳತೆಯ ದಿಕ್ಕಿನಲ್ಲೇ ಹೆಚ್ಚು ಕುಗ್ಗುತ್ತೆ, ಅದಕ್ಕೇ ತಿರುಳಿಂದ ಹೊರಕ್ಕೆ ಸೀಳು. ದುಂಡು ಬಿಡಿ, ರೆಂಬೆಯನ್ನು ಉದ್ದಕ್ಕೆ ಸೀಳಿ ಚಪ್ಪಟೆ ಪಟ್ಟಿ ಮಾಡಿ. ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲೇ ಒಣಗಿಸಿ, ಒಲೆ ಮೇಲೆ ಬೇಡ. ಮಳೆಗಾಲಕ್ಕೆ ಮೊದಲೇ ಒಣಗಿಸಿ ಎಣ್ಣೆ ಕುಡಿಸದಿದ್ದರೆ ಬೂಷ್ಟು ಖಂಡಿತ. ಪಟ್ಟಿಯನ್ನು ಅಡ್ಡ ಹಿಡಿದು ನೆಟ್ಟ ಗೀಟನ್ನು ಮರದ ಎಳೆಗೆ ಅಡ್ಡವಾಗಿ ಕೊರೆಯಿರಿ, ಉಳಿದವು ಓರೆ. ಅಡ್ಡಗೀಟು ಎಳೆಯ ಜೊತೆಗೇ ಓಡಿ ಕಾಣದಾಗುತ್ತೆ. ರೂನ್‌ಗಳಲ್ಲಿ ಅಡ್ಡಗೀಟು ಅಪರೂಪವಾಗಿರೋದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೂ ಇದೇ.

ಪ್ರಶ್ನೆ (ಮಡಿಕೇರಿ): ಡ್ವಾರ್ಫ್ ಗುರಾಣಿ ಮೇಲೆ ಕೆತ್ತಿದರೆ? ಅದು ಜೊತೆಗೇ ಬರುತ್ತಲ್ಲ.

ಉತ್ತರ (ಗೋಣಿಕೊಪ್ಪ): ಬಿಡಿ, ಕೆತ್ತಲಿ. ಗುರಾಣಿಗೆ ಮಾತ್ರ 10 ಅಡಿ ನಿಯಮ ಬೇಡ, ಆದರೆ ಮೂರರಲ್ಲಿ ಎರಡು ಸ್ಥಾನ ಅದೇ ನುಂಗಲಿ. ಶತ್ರುವಿನ ಡಿ20 ಮೇಲೆ 20 ಬಿದ್ದರೆ ಗೀಟು ಒಡೀತು, ಮತ್ತೆ ಒಂದು ಗಂಟೆ ಕೂತು ಕೆತ್ತಬೇಕು.