ವರದಾ ಹೊಳ್ಯಾಗ ಜೀವಿ ಎಣಿಕೆ: ಪಟ್ಟಿ ಉದ್ದ ಆದ್ರ ಹೊಳಿ ಸುಧಾರಿಸ್ತು ಅಂತನಾ?

ಹೊಳಿದಂಡಿ_ಹುಡುಗ (ಹಾವೇರಿ)
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ವರದಾ ದಂಡಿ ಊರು. ಪಂಚಾಯ್ತ್ಯಾಗ ಹಿಂದ ಮಾಡಿಟ್ಟಿದ್ದ ಜನತಾ ಜೀವವೈವಿಧ್ಯ ದಾಖಲಾತಿ ಸಿಕ್ತು, ಅದ್ರಾಗ ಹೊಳಿ ಮೀನ, ಹಕ್ಕಿ ಹೆಸರು ಬರದಾರ, ಈಗ ನಾವು ಒಂದಿಷ್ಟ್ ಮಂದಿ ಸೇರಿ ಮತ್ತ ಎಣಿಸಾಕ ಹತ್ತೀವಿ, ನಮ್ಮ ಪಟ್ಟಿ ಹಳೇದಕ್ಕಿಂತ ಉದ್ದ ಆಗೈತಿ. ಹಂಗಂದ್ರ ಹೊಳಿ ಸುಧಾರಿಸೈತೇನ್ರಿ? ಮೀನ ಹಿಡಿಯೋ ಹಿರ್ಯಾರು ಮಾತ್ರ "ಎಲ್ಲಿ ಸುಧಾರಣಿ, ಬಾಳಿ ಮೀನ ಬಲಿಗೆ ಬೀಳೋದ ಬಿಟ್ಟೈತಿ" ಅಂತಾರ. ಬಾಂದಾರದ ಗೇಟಿಂದು, ಉಸುಕಿಂದು ಗ್ರಾಮಸಭೆದಾಗ ಮಾತಾಡಬೇಕಂತ ಮಾಡೀವಿ, ಏನ್ ಎಣಿಸಿದ್ರ ಮಾತಿಗೆ ತೂಕ ಬರ್ತೈತಿ?

ಕಲ್ಲಡಿಹುಳ (ಧಾರವಾಡ)
ಪಟ್ಟಿ ಉದ್ದ ಆಗೋದಕ್ಕ ನೂರಾ ಎಂಟು ಕಾರಣ ಇರ್ತಾವ್ರಿ. ಹಳೇ ಪಟ್ಟಿ ಮಾಡಿದವ್ರು ಒಂದ ಮುಂಜಾನಿ ಹೋಗಿ ಬಂದಿರಬಹುದು, ನೀವು ಬೈನಾಕ್ಯುಲರ್, ಮೊಬೈಲ್ ಹಿಡ್ಕೊಂಡು ತಿಂಗಳಗಟ್ಟಲೆ ತಿರಗೀರಿ, ಹೆಚ್ಚು ಹುಡುಕಿದ್ರ ಹೆಚ್ಚು ಸಿಗ್ತಾವ ಅಷ್ಟ. ಅದಕ್ಕ ಮೊದ್ಲು ಹಳೇ ದಾಖಲಾತಿ ಯಾವ ತಿಂಗಳದಾಗ, ಎಷ್ಟ್ ಹೊತ್ತು, ಎಲ್ಲೆಲ್ಲಿ ನಿಂತು ಮಾಡಿದ್ದು ಅಂತ ಕೇಳ್ರಿ. ಗೊತ್ತಾಗ್ಲಿಲ್ಲ ಅಂದ್ರ ಅದರ ಜೋಡಿ ಹೋಲಿಸಬ್ಯಾಡ್ರಿ, ಈ ವರ್ಷದ್ದನ್ನ ಮೊದಲನೇದು ಅಂತ ಇಟ್ಕೊಳ್ರಿ.

ಎರಡನೇದು, ಯಾರು ಹೋದ್ರು ಯಾರು ಬಂದ್ರು ಅನ್ನೋದು ನೋಡ್ರಿ. ಬಾಳಿ ಮೀನ ಹೋಗಿ ಹೊರದೇಶದ ಮೀನ ಜಿಲೇಬಿ (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್ ಎರಡೂ ಸೇರಿದ್ರ ಪಟ್ಟಿ ಒಂದು ಹೆಚ್ಚ ಆತು, ಹೊಳಿ ಮಾತ್ರ ಕೆಟ್ಟಿತು! ಆ ಕ್ಯಾಟ್‌ಫಿಶ್ ಸಾಕೋದನ್ನ ಸರ್ಕಾರ 2000ದಾಗನ ನಿಷೇಧ ಮಾಡ್ಯದ, ಆದ್ರೂ ಎಲ್ಲಾ ಕಡೆ ಅದ.

ನನ್ನ ಕೇಳಿದ್ರ ಮೀನಕ್ಕಿಂತ ನೀರಿನ ಹುಳ ನೋಡೋದು ಸಲೀಸು. ಹರಿಯೋ ನೀರಾಗ ಒಂದು ಕಲ್ಲ ಎತ್ತಿ ಹೊಳ್ಳಿಸ್ರಿ, ಉಸುಕಿನ ಕಣ ಅಂಟಿಸಿ ಸಣ್ಣ ಕೊಳವಿ ಗೂಡು ಕಟ್ಕೊಂಡು ಕುಂತಿರೋ ಹುಳ ಕ್ಯಾಡಿಸ್‌ಫ್ಲೈ, ಬಾಲದಾಗ ಮೂರು ಎಳಿ ಇದ್ದು ಹೊಟ್ಟಿ ಪಕ್ಕದ ಕಿವಿರು ಅಲ್ಲಾಡಸ್ತಿದ್ರ ಅದು ಮೇಫ್ಲೈ ಮರಿ. ಇಂಥಾವು ಬಗಿಬಗಿ ಇದ್ರ ನೀರಾಗ ಆಕ್ಸಿಜನ್ ಚಲೋ ಅದ. ಕೆಸರಾಗ ಬರೇ ಕೆಂಪು ಹುಳ ಗಿಜಿಗಿಜಿ ಅಂದ್ರ ಗಲೀಜು ಸೇರ್ಯದ, ಅವುಕ್ಕ ರಕ್ತದಾಗ ಹಿಮೋಗ್ಲೋಬಿನ್ ಇರೋದ್ರಿಂದ ಕಡಿಮಿ ಆಕ್ಸಿಜನ್ನಾಗೂ ಬದುಕ್ತಾವ. ಪ್ರತಿ ಹುಳದ ಕುಟುಂಬಕ್ಕ 1ರಿಂದ 10ರ ತನಕ ಅಂಕ ಕೊಟ್ಟು ಸರಾಸರಿ ತೆಗಿಯೋ ಪದ್ಧತಿ ಬ್ರಿಟನ್ನಿನ್ಯಾಗ ಮಾಡ್ಯಾರ. ಅಲ್ಲಿನ ಅಂಕ ನಮ್ಮ ಹೊಳಿಗೆ ಪೂರಾ ಹೊಂದಂಗಿಲ್ಲ, ಆದ್ರ ನಿಮ್ಮ ಜಾಗನ್ನ ವರ್ಷದಿಂದ ವರ್ಷಕ್ಕ ಹೋಲಿಸಾಕ ನಡೀತದ.

ತುಂಗಾತೀರ_ರಾಣೆಬೆನ್ನೂರು
ನೀವು ಎಣಿಸ್ಕೊಂತ ಕುಂದರ್ರಿ, ಅತ್ಲಾಗ ಉಸುಕು ಟಿಪ್ಪರಿನ್ಯಾಗ ಹೊಂಟ ಹೋಗ್ತೈತಿ 😄 1970ರಿಂದ ಸಿಹಿನೀರಿನ ಪ್ರಾಣಿ 85% ಸತ್ತಾವು ಅಂತ ವರದಿ ಬಂದೈತಲ್ಲ, ಮತ್ತೇನ್ ಎಣಿಸ್ತೀರಿ?

ಕಲ್ಲಡಿಹುಳ (ಧಾರವಾಡ)
ಅದು ಹಂಗಲ್ರಿ ಅಣ್ಣಾರ. WWF ಸಂಸ್ಥೆಯ 2024ರ ಲಿವಿಂಗ್ ಪ್ಲಾನೆಟ್ ವರದಿದು ಆ ಲೆಕ್ಕ, ಗಮನಿಸಿದ ಒಂದೊಂದು ಪ್ರಾಣಿ ಗುಂಪಿನ ಗಾತ್ರ 1970ರಿಂದ 2020ರೊಳಗ ಸರಾಸರಿ 85% ಇಳೀತು ಅಂತ, 100ರಾಗ 85 ಪ್ರಾಣಿ ಸತ್ವು ಅಂತಲ್ಲ. ಮತ್ತ ಜಗತ್ತಿನ ಲೆಕ್ಕ ಗ್ರಾಮಸಭೆದಾಗ ಹೇಳಿದ್ರ ಯಾರ್ ಕೇಳ್ತಾರ? ಉಸುಕು ತಗದ ಜಾಗ ಒಂದು, ಅದರ ಮ್ಯಾಲ್ಕಡೆ ತಗೀದ ಜಾಗ ಒಂದು, ಎರಡೂ ಒಂದ ದಿನ ಒಂದ ರೀತಿ ನೋಡಿ ಬರದ್ರ ಅದು ನಿಮ್ಮ ಊರಿನ ಸಾಕ್ಷಿ. ತುಂಗಭದ್ರಾದಾಗ ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಮೀ 2015ರಾಗ ನೀರುನಾಯಿ ಸಂರಕ್ಷಿತ ಪ್ರದೇಶ ಆತಲ್ಲ, ಅಲ್ಲಿ ನೀರುನಾಯಿ ಅದಾವ ಅಂತ ಯಾರರೆ ಹೋಗಿ ನೋಡಿ ಬರದಿದ್ದಕ್ಕ ಆತು.

ಹೊಳಿದಂಡಿ_ಹುಡುಗ (ಹಾವೇರಿ)
ಭಾಳ ಉಪಕಾರ ಆತ್ರಿ ಸರ್. ಬ್ಯಾಸಗ್ಯಾಗ ನಮ್ಮ ಹೊಳಿ ಬರೇ ಮಡುವಿನ್ಯಾಗ ಉಳೀತೈತಿ, ಯಾವಾಗ ನೋಡೂಣು? ಬಲಿ ನಾವ ಹಾಕೂದೇನು?

ಕಲ್ಲಡಿಹುಳ (ಧಾರವಾಡ)
ಬಲಿ ಬ್ಯಾಡ್ರಿ, ಮೀನ ಹಿಡಿಯೋರ ಬುಟ್ಟಿ ನೋಡಿ ಬರಕೊಳ್ರಿ, ಎಷ್ಟ್ ಹೊತ್ತು ಬಲಿ ಹಾಕಿದ್ರು ಅನ್ನೋದೂ ಬರೀರಿ, ಬುಟ್ಟಿ ಖಾಲಿ ಇದ್ರ ಅದನ್ನೂ ಬರೀರಿ. ಹುಳ ನೋಡಾಕ ದೀಪಾವಳಿ ಆದ ಮ್ಯಾಲೆ ಒಮ್ಮೆ, ಮಳಿಗಾಲದ ಮುಂಚೆ ಮಡು ಇದ್ದಾಗ ಒಮ್ಮೆ, ಎರಡನ್ನೂ ಕಲಸಬ್ಯಾಡ್ರಿ. 2019ರಂಗ ಹೊಳಿ ತುಂಬಿ ಬಂದ ವರ್ಷ ಇದ್ರ ಪಕ್ಕದಾಗ ಗುರುತು ಹಾಕ್ರಿ. ಮತ್ತ ಎತ್ತಿದ ಕಲ್ಲ ಹೆಂಗಿತ್ತೋ ಹಂಗ ಇಡ್ರಿ.