ಕೊಳವೆಯ ಬಾಯಿ ದೊಡ್ಡದು, ಒಳಗೆ ಚಿಕ್ಕದು: ಲೇಥ್ ಪ್ರಶ್ನೋತ್ತರ

ಪ್ರಶ್ನೆ: ಮನೆಯಲ್ಲಿ ಚಿಕ್ಕ ಲೇಥ್ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ) ಇದೆ, ಸೆಂಟರುಗಳ (ಎರಡು ತುದಿಯ ಆಧಾರದ ಮೊನೆಗಳ) ನಡುವೆ 350 ಮಿ.ಮೀ. ಜಾಗ. 130 ಮಿ.ಮೀ. ಉದ್ದ, 50 ಹೊರವ್ಯಾಸದ ಉಕ್ಕಿನ ಕೊಳವೆಯ ಒಳವ್ಯಾಸವನ್ನು 38ರಿಂದ 40ಕ್ಕೆ ತರಬೇಕು. ಅದನ್ನು ಚಕ್‌ಗೆ (ತಿರುಗುವ ಹಿಡಿಕೆಗೆ) ಕಟ್ಟಿ 16 ಮಿ.ಮೀ. ಬೋರಿಂಗ್ ಬಾರ್ (ಒಳಗೆ ಕೊರೆಯುವ ಸಲಾಕೆ) ಹಾಕಿದರೆ ಕಿರುಚುತ್ತದೆ. ಸಾಲದ್ದಕ್ಕೆ ಬಾಯಿಯ ಬಳಿ ವ್ಯಾಸ 0.08 ಮಿ.ಮೀ. ಹೆಚ್ಚು. ಬಾರ್ ಬಾಗುವುದರಿಂದ ಈ ಇಳಿಜಾರು, ಅಂದರೆ ಟೇಪರ್, ಬರುತ್ತಿದೆಯೇ ಸರ್?

ಉತ್ತರ (ಪೀಣ್ಯದಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದೆ): ಎರಡು ಕಾಯಿಲೆಗಳನ್ನು ಒಂದೇ ಎಂದುಕೊಂಡಿದ್ದೀರಿ. ಕಿರುಚಾಟ ಬಾರ್‌ನದ್ದೇ. ಉಕ್ಕಿನ ಬಾರ್ ತನ್ನ ವ್ಯಾಸದ ನಾಲ್ಕು ಪಟ್ಟು ಚಾಚಿಕೊಂಡರೆ ಸುಮ್ಮನಿರುತ್ತದೆ, ನಿಮ್ಮದು ಎಂಟು ಪಟ್ಟು ದಾಟಿದೆ. ಚಾಚು ಎರಡರಷ್ಟಾದರೆ ಬಾಗು ಎಂಟರಷ್ಟು. ಆದರೆ ಟೂಲ್ ಪೋಸ್ಟಿನಿಂದ (ಬಾರ್ ಹಿಡಿಯುವ ಭಾಗದಿಂದ) ಆಚೆಗಿರುವ ಬಾರ್‌ನ ಉದ್ದ ಬಾಯಿಯಲ್ಲೂ ಒಳಗೂ ಅಷ್ಟೇ ಇರುತ್ತದಲ್ಲ? ಟೇಪರ್‌ಗೆ ನನ್ನ ಗುಮಾನಿ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಭಾಗ) ಮೇಲೆ. ಅದರ ಮೂತಿ ಆ ಉದ್ದದಲ್ಲಿ 0.04 ಮಿ.ಮೀ. ಹಿಂದಕ್ಕೆ ತಿರುಗಿದ್ದರೂ ಸಾಕು, ವ್ಯಾಸದಲ್ಲಿ ಅದು ಎರಡರಷ್ಟು.

ಅದನ್ನು ರಿಪೇರಿ ಮಾಡುವುದು ಇನ್ನೊಂದು ದಿನದ ಕೆಲಸ. ಈ ಜಾಬ್‌ಗೆ ದಾರಿ ಬೇರೆ: ಬಾರ್ ತಿರುಗಲಿ, ಕೊಳವೆ ಕ್ಯಾರೇಜ್ (ಲೇಥ್ ಉದ್ದಕ್ಕೂ ಸರಿಯುವ ಪೀಠ) ಮೇಲೆ ಸರಿಯಲಿ. 22 ಮಿ.ಮೀ. ದಪ್ಪದ ಬಾರ್ ಅನ್ನು ಎರಡು ಸೆಂಟರುಗಳ ನಡುವೆ ಹಿಡಿದು, ನಟ್ಟನಡುವೆ ಅಡ್ಡತೂತು ಕೊರೆದು 6 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಕೂರಿಸಿ, ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಬಿಗಿಯಿರಿ. ಬಿಟ್‌ನ ಮೊನೆ ಸುತ್ತುವ ವೃತ್ತ ಬದಲಾಗುವುದಿಲ್ಲ, ಆದ್ದರಿಂದ ಟೇಪರ್ ಬರಲು ಸಾಧ್ಯವೇ ಇಲ್ಲ. 1775ರ ಸುಮಾರಿಗೆ ಜಾನ್ ವಿಲ್ಕಿನ್ಸನ್ ಜೇಮ್ಸ್ ವಾಟ್‌ನ ಉಗಿಯಂತ್ರಕ್ಕೆ ಸಿಲಿಂಡರ್ ಕೊರೆದುಕೊಟ್ಟದ್ದೂ ಎರಡೂ ತುದಿಗೆ ಆಧಾರವಿದ್ದ ಬಾರ್‌ನಿಂದಲೇ.

ಪ್ರಶ್ನೆ: ಬಾರ್ ಎಷ್ಟುದ್ದ? ಅಳತೆ ಹೇಗೆ ಹೊಂದಿಸಲಿ?

ಉತ್ತರ: ಜಾಬ್‌ನ ಎರಡರಷ್ಟು, ಮೇಲೆ ಸ್ವಲ್ಪ. ನಿಮಗೆ 320 ಸಾಕು. ಬಾರ್‌ನ ಬೆನ್ನಿನಿಂದ ಬಿಟ್‌ನ ಮೊನೆಯವರೆಗೆ ಮೈಕ್ರೋಮೀಟರ್ ಹಿಡಿಯಿರಿ: ಬಾರ್‌ನ ಅರ್ಧ 11 ಕೂಡಿಸು ರಂಧ್ರದ ಅರ್ಧ 20, ಅಂದರೆ 31.00 ಬಂದಾಗ ರಂಧ್ರ 40 ಆಗುತ್ತದೆ. ಮೊನೆ 0.05 ಹೊರಬಂದರೆ ವ್ಯಾಸ 0.10 ಹೆಚ್ಚುತ್ತದೆ, ಮರೆಯಬೇಡಿ. ವೇಗ 200 ಆರ್‌ಪಿಎಂ.

ಟೂಲ್ ಪೋಸ್ಟ್ ತೆಗೆದು ಕ್ರಾಸ್ ಸ್ಲೈಡ್ (ಕ್ಯಾರೇಜ್ ಮೇಲೆ ಅಡ್ಡಕ್ಕೆ ಸರಿಯುವ ಭಾಗ) ಮೇಲೆ ಎರಡು ಹೋಳಿನ ಹೊನ್ನೆ ಮರದ ಬ್ಲಾಕ್ ಬೋಲ್ಟ್ ಮಾಡಿ. ಹೋಳುಗಳ ನಡುವೆ ರಟ್ಟಿನ ಚೂರಿಟ್ಟು, ಇದೇ ಬಾರ್‌ನಿಂದ ಮೊದಲು ಆ ಮರವನ್ನೇ 50ಕ್ಕೆ ಕೊರೆಯಿರಿ. ಆಮೇಲೆ ರಟ್ಟು ತೆಗೆದು ಕೊಳವೆ ಕೂರಿಸಿದರೆ ಅದರ ಸೆಂಟರ್ ತಾನಾಗಿಯೇ ಸಿಗುತ್ತದೆ. ಕ್ರಾಸ್ ಸ್ಲೈಡನ್ನು ಮಾತ್ರ ಅಲುಗದಂತೆ ಲಾಕ್ ಮಾಡಿ.

(ನಾಲ್ಕು ದಿನದ ನಂತರ)

ಪ್ರಶ್ನೆ: ಎರಡೂ ತುದಿಯಲ್ಲಿ ಒಂದೇ ಅಳತೆ ಸರ್, ಕಿರುಚಾಟವೂ ನಿಂತಿತು. ಆದರೆ ಬ್ಲಾಕಿನಿಂದ ಹೊರತೆಗೆದ ಮೇಲೆ ಒಂದು ಕಡೆಯಿಂದ 40.03, ಅಡ್ಡ ತಿರುಗಿಸಿದರೆ 39.98.

ಉತ್ತರ: ಸ್ಪ್ಯಾನರ್ ಹಾಕಿ ಜಗ್ಗಿದ್ದೀರಿ! ಹಿಂಡಿದ ಕೊಳವೆಯನ್ನು ಗುಂಡಗೆ ಕೊರೆದಿರಿ, ಬಿಟ್ಟ ಕೂಡಲೇ ಅದು ಮೊಟ್ಟೆಯಾಯಿತು. ಮುಂದಿನ ಸಲ ಕೊನೆಯ ಪಾಸ್‌ಗೆ ಮುಂಚೆ ಬೋಲ್ಟ್‌ಗಳನ್ನು ಸಡಿಲಿಸಿ, ಕೊಳವೆ ಜಾರದಿರುವಷ್ಟೇ ಬಿಗಿಯಿರಿ.